ಒರಳು ನಿಮ್ಮ ಪಾಲು, ಗುಂಡು ನನ್ನ ಪಾಲು

ದೊಡ್ಡಮನೆಯ ಭಾವನವರಿಗೆ, ಅಂದರೆ ಈಗಿನ ತೋಪಮ್ಮನವರ ದೇವಸ್ಥಾನ ಸೇವಾ ಸಮಿತಿಯ ಅಧ್ಯಕ್ಷರಾದ ಪುಟ್ಟಸಿದ್ದಯ್ಯನವರಿಗೆ,

ನಿಮ್ಮ ತಮ್ಮನ ಹೆಂಡತಿ ಲಕ್ಷ್ಮಿದೇವಿ ಮಾಡುವ ನಮಸ್ಕಾರಗಳು. ಈ ಕಡೆ ನಾವೆಲ್ಲ ಚೆನ್ನಾಗಿದ್ದೇವೆ, ತೋಪಿನ ಬಾವಲಿಗಳನ್ನು ಬಿಟ್ಟು. ಆ ಕಡೆ ನೀವೂ ಚೆನ್ನಾಗಿದ್ದೀರಿ ಅಂತ ಗೊತ್ತು. ಬೆಳಿಗ್ಗೆ ನೀವು ಬಾಯಿ ಮುಕ್ಕಳಿಸುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಒಂದು ಗೋಡೆ ದಾಟಿಸಲು ಕಾಗದ ಬರೆಯುವ ಗತಿ ಬಂತಲ್ಲ ಅಂತ ನಗುವೂ ಬರುತ್ತಿದೆ, ಸಿಟ್ಟೂ ಬರುತ್ತಿದೆ. ಹೆಚ್ಚು ಬರುತ್ತಿರುವುದು ಸಿಟ್ಟೇ.

ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತು. ಭಾವನವರ ಮುಂದೆ ತಮ್ಮನ ಹೆಂಡತಿ ಕೂರುವ ಹಾಗಿಲ್ಲ, ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನಾನು ಬಾಗಿಲ ಸಂದಿಯಲ್ಲಿ ನಿಂತೇ ನಿಮಗೆ ಉತ್ತರ ಕೊಟ್ಟಿದ್ದೇನೆ. ಮಹಿಳಾ ಮೀಸಲಾತಿ ಬಂದು ನಾನು ಪಂಚಾಯ್ತಿ ಅಧ್ಯಕ್ಷೆಯಾದಾಗ, ಮೊದಲನೇ ಮೀಟಿಂಗಿನ ದಿನ ನೀವು ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಿರಿ. ನನಗೆ ಕಾಲು ಬಗ್ಗಲಿಲ್ಲ. ಅಧ್ಯಕ್ಷರ ಕುರ್ಚಿ ಹಿಡಿದುಕೊಂಡು ನಿಂತೇ ಇದ್ದೆ. ಪಿಡಿಒ ಸಾಹೇಬರು ಕೂತುಕೊಳ್ಳಿ ಮೇಡಂ, ಕೂತುಕೊಳ್ಳಿ ಅಂತ ಹೇಳಿ ಹೇಳಿ ಸೋತರು. ಆಗ ನೀವು ಅಂದಿರಿ: "ಕೂತ್ಕಳವ್ವ ಲಕ್ಷ್ಮವ್ವ. ಮನೇಲಿ ನಾನು ಭಾವ, ಇಲ್ಲಿ ನೀನು ಅಧ್ಯಕ್ಷ್ರು. ನೀನು ನಿಂತ್ಕಂಡ್ರೆ ಊರೋರೆಲ್ಲ ನಿಂತ್ಕಬೇಕಾಯ್ತದೆ." ಆಮೇಲೆ ಕೂತೆ. ಕೂರಿಸಿದವರು ನೀವು. ಈಗ ನೀವೇ ಬಂದು ಎದ್ದೇಳು ಅಂದರೆ ನಾನು ಏಳುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸೋಮವಾರ ಗ್ರಾಮಸಭೆ. ನಿಮ್ಮ ಸೇವಾ ಸಮಿತಿಯ ಅರ್ಜಿ ಅಲ್ಲಿಗೆ ಬರುತ್ತದೆ. ಗುಂಡುತೋಪಿನ ದೊಡ್ಡ ಹುಣಸೆಮರಗಳನ್ನು ಕಡಿಯಬೇಕು, ಬಾವಲಿಗಳನ್ನು ಹೊಗೆ ಹಾಕಿ ಓಡಿಸಬೇಕು, ಆ ಜಾಗದಲ್ಲಿ ತೋಪಮ್ಮನಿಗೆ ಆರ್‌ಸಿಸಿ ದೇವಸ್ಥಾನ ಕಟ್ಟಬೇಕು. ಪಂಚಾಯ್ತಿ ಒಪ್ಪಿಗೆ ಇಲ್ಲದೆ ಮರ ಕಡಿಯಲು ಆಗುವುದಿಲ್ಲ ಅಂತ ನನ್ನ ಸಹಿ ಕೇಳಿದಿರಿ. ಹಾಕಲಿಲ್ಲ. ಅವತ್ತಿನಿಂದ ನೀವು ನಮ್ಮ ಮನೆಯ ಕಡೆ ತಿರುಗಿ ನೋಡಿಲ್ಲ. ನಾನು ಸಹಿ ಹಾಕದಿದ್ದರೇನು, ಗ್ರಾಮಸಭೆಯಲ್ಲಿ ಊರೇ ಕೈ ಎತ್ತಿದರೆ ನಾನೊಬ್ಬಳು ಏನು ಮಾಡಲಿ ಅಂತ ನೀವು ಲೆಕ್ಕ ಹಾಕಿದ್ದೀರಿ. ಊರು ನಿಮ್ಮ ಮುಖ ನೋಡುತ್ತದೆ. ನೀವು ಕೈ ಎತ್ತಿದರೆ ಎತ್ತುತ್ತದೆ, ಬಿಟ್ಟರೆ ಬಿಡುತ್ತದೆ. ಅದಕ್ಕೇ ಈ ಕಾಗದ ಊರಿಗಲ್ಲ, ನಿಮಗೆ.

ಎಲ್ಲವೂ ಎಲ್ಲಿಂದ ಶುರುವಾಯಿತು ಅಂತ ನಿಮಗೆ ಮರೆತುಹೋಗಿದೆಯೋ, ಮರೆತ ಹಾಗೆ ಇದ್ದೀರೋ ತಿಳಿಯದು. ನಾನಂತೂ ಮರೆತಿಲ್ಲ.

ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರಬೇಕು ಅನ್ನುವುದು ಕಾನೂನು. ನಮ್ಮಲ್ಲೂ ಇತ್ತು, ಬೀರುವಿನ ಒಳಗೆ. ಯಳಂದೂರಿನ ತರಬೇತಿಗೆ ಹೋಗಿ ಬಂದ ಮೇಲೆ ನಾನು ಅದನ್ನು ಹೊರಗೆ ತೆಗೆದೆ. ಊರಿನ ಸುತ್ತ ಏನೇನು ಬದುಕಿದೆಯೋ ಅದನ್ನೆಲ್ಲ ನೋಡಿಕೊಳ್ಳುವ ಕೆಲಸ ನಮ್ಮದು, ಕೆರೆ, ತೋಪು, ಹಳ್ಳ ಎಲ್ಲಾ ಅಂತ ಮೀಟಿಂಗಿನಲ್ಲಿ ಹೇಳಿದೆ. ಮೆಂಬರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೈಟು, ನೀರು, ಚರಂಡಿ ನೋಡೋದು ಬುಟ್ಟು ಬಾವ್ಲಿ ನೋಡ್ತಾರಂತೆ ಕಣ್ರಪ್ಪ ಅಧ್ಯಕ್ಷ್ರು" ಅಂದರು. ಸಮಿತಿಯ ಉದ್ದ ಹೆಸರು ಬಾಯಿಗೆ ಬರದೆ 'ಜೀವ ಕಮಿಟಿ' ಅಂತ ಕರೆದರು. ನಗದೆ ಕೂತಿದ್ದವರು ನೀವು ಒಬ್ಬರೇ. ಎದ್ದು ನಿಂತು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬೈದಿರಿ. "ನಗ್ಬ್ಯಾಡಿ ಕಣ್ರಲಾ. ನಮ್ಮಪ್ಪನ ಕಾಲ್ದಿಂದ್ಲೂ ಅವು ಅಲ್ಲೇ ನೇತಾಕಂಡವೆ. ಅವೇನು ನಮ್ಮ ಬಾಡಿಗೆದಾರ್ರಾ, ಕಾಲಿ ಮಾಡಿ ಅನ್ನಕ್ಕೆ? ಬದಿನ ಮ್ಯಾಲೆ ಇರೋ ಅತ್ತಿಮರ, ನೇರಳೆಮರ ಯಾರ್ಲಾ ನೆಟ್ಟವ್ರೆ? ನೀನ್ ನೆಟ್ಟಿದ್ಯಾ? ನಿಮ್ಮಪ್ಪ ನೆಟ್ಟಿದ್ನಾ? ಬಾವ್ಲಿ ಅಣ್ಣು ತಿಂದು ಉಗುದ ಬೀಜ ಕಣ್ಲಾ ಅವು."

ಈ ಮಾತು ಆಡಿದವರು ಯಾರು ಭಾವ? ಬೆಂಗಳೂರಿನಿಂದ ಬಂದ ಯಾರೋ ಪ್ಯಾಂಟಿನವರಲ್ಲ. ನೀವು. ಆವತ್ತೇ ನಿಮ್ಮನ್ನು ಜೀವ ಕಮಿಟಿಗೆ ಸೇರಿಸಿಕೊಂಡೆವು. ದೀಪಾವಳಿಗೆ ತೋಪಿನ ಹತ್ತಿರ ಯಾರೂ ಪಟಾಕಿ ಹೊಡೆಯಬಾರದು ಅಂತ ತಮಟೆ ಹೊಡೆಸಿ ಸಾರಿಸಿದವರು ನೀವು. ತೋಪಿನ ಹುಣಸೆ ಫಸಲು ಹರಾಜು ಹಾಕುವಾಗ ಬಾವಲಿ ಇರುವ ಮರಗಳನ್ನು ಬಿಟ್ಟು ಹರಾಜು ಹಾಕೋಣ, ಅವು ಮರಿ ಹಾಕುವ ಕಾಲದಲ್ಲಿ ಬಿದಿರ ಗಳು ತೆಗೆದುಕೊಂಡು ಕೊಂಬೆ ಬಡಿಯುವುದು ಬೇಡ ಅಂತ ಹಟ ಹಿಡಿದವರೂ ನೀವೇ. ನಿಮಗೆ ಈ ಬುದ್ಧಿ ಎಲ್ಲಿಂದ ಬಂತು ಅಂತಲೂ ನನಗೆ ಗೊತ್ತು, ಅತ್ತೆಯಿಂದ ಬಂತು. ಹಿತ್ತಲ ಸೀಬೆಹಣ್ಣನ್ನು ಬಾವಲಿ ಕಚ್ಚಿ ಹಾಕಿದೆ ಅಂತ ನಾನು ಹೊಸದರಲ್ಲಿ ಶಾಪ ಹಾಕುತ್ತಿದ್ದರೆ ರಾಮಮ್ಮ ಅತ್ತೆ ಬಿಡುತ್ತಿರಲಿಲ್ಲ. "ತಿನ್ನೋ ಬಾಯಿಗೆ ಬಯ್ಯಬ್ಯಾಡ ಕಣವ್ವ. ಅದ್ಕೂ ಒಟ್ಟೆ ಅದೆ" ಅನ್ನೋರು. ಕಚ್ಚಿದ ಹಣ್ಣನ್ನು ಹಸುವಿಗೆ ಹಾಕಿ, ಉಳಿದದ್ದನ್ನು ನಮಗೆ ಕೊಡೋರು.

ಆಮೇಲೆ ಮರಗಳ್ಳತನ ಶುರುವಾಯಿತು. ಇಟ್ಟಿಗೆ ಗೂಡಿನ ಲಾರಿ ಕತ್ತಲಲ್ಲಿ ಬರುವುದು, ಬೆಳಗಾಗುವಷ್ಟರಲ್ಲಿ ಒಂದು ಹುಣಸೆಮರದ ಬುಡ ಮಾತ್ರ ಉಳಿದಿರುವುದು. ಹುಣಸೆ ಸೌದೆ ಗೂಡಿಗೆ ಚೆನ್ನಾಗಿ ಕಾವು ಕೊಡುತ್ತದಂತೆ. ಪೊಲೀಸ್ ಕಂಪ್ಲೇಂಟ್ ಕೊಟ್ಟೆವು. ಕೇಳಿದಾಗಲೆಲ್ಲ ನೋಡೋಣ ಅಂದರು. 'ಇದು ಪಂಚಾಯ್ತಿ ಸ್ವತ್ತು, ಮರ ಕಡಿದವರಿಗೆ ದಂಡ' ಅಂತ ಕಬ್ಬಿಣದ ಬೋರ್ಡು ಬರೆಸಿ ನೆಟ್ಟೆವು. ಒಂದು ವಾರಕ್ಕೆ ಬೋರ್ಡೇ ಗುಜರಿಗೆ ಹೋಯಿತು. ಇನ್ನೊಂದು ಬರೆಸಿದೆವು, ಅದೂ ಹೋಯಿತು. ಸಮಿತಿಯ ಮೀಟಿಂಗಿನಲ್ಲಿ ನಾನು ಅಳುವುದೊಂದು ಬಾಕಿ. ಆಗ ನೀವು ಬೀಡಿ ಆರಿಸಿ ಹೇಳಿದ ಮಾತು ನೆನಪಿದೆಯಾ? "ಬೋರ್ಡು ಕದೀತಾರೆ ಕಣವ್ವ, ದೇವ್ರ ಕದೀತಾರಾ? ಒಂದು ಕಲ್ಲು ನೆಟ್ಟು ಅರಿಸ್ನ ಕುಂಕ್ಮ ಬಳುದ್ರೆ ಆಯ್ತು. ಯಾವ್ ನನ್ಮಗ ಕೊಡ್ಲಿ ಎತ್ತಾನು ನೋಡಮು."

ಪಂಚಾಯ್ತಿಯಿಂದ ಇಂಥಾ ಕೆಲಸ ಮಾಡುವುದುಂಟಾ ಅಂತ ನನಗೆ ಅಳುಕಿತ್ತು. ಆದರೆ ಉಪಾಯ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಕಲ್ಲು ಎಲ್ಲಿಂದ ತರುವುದು ಅಂದಾಗ ನನಗೆ ನಮ್ಮ ಹಿತ್ತಲಲ್ಲಿ ಬಿದ್ದಿದ್ದ ಗುಂಡುಕಲ್ಲು ನೆನಪಾಯಿತು.

ಆ ಗುಂಡುಕಲ್ಲಿನ ಕಥೆ ಈ ಊರಿನಲ್ಲಿ ಬೇರೆ ಯಾರಿಗೂ ಇಲ್ಲದ ಕಥೆ. ಮನೆ ಪಾಲಾದ ದಿನ ಪಾತ್ರೆ ಪಗಡ ಎಲ್ಲಾ ಹಂಚಿಯಾದ ಮೇಲೆ ರುಬ್ಬುವ ಕಲ್ಲು ಉಳಿಯಿತು. ಅತ್ತೆ ಒರಳನ್ನು ನಿಮ್ಮ ಪಾಲಿಗೆ ಕೊಟ್ಟರು, ಗುಂಡನ್ನು ನಮ್ಮ ಪಾಲಿಗೆ ಕೊಟ್ಟರು. ಪಾಲು ಮಾಡಲು ಬಂದಿದ್ದ ಯಜಮಾನರು ಮುದುಕಿಗೆ ಅರಳು ಮರಳು ಅಂತ ಪಿಸುಗುಟ್ಟಿದರು. ಅತ್ತೆಗೆ ಕೇಳಿಸಿತು. "ಎರಡ್ನೂ ಒಬ್ರಿಗೇ ಕೊಟ್ರೆ ಅವ್ರು ಬಾಗ್ಲು ಆಕ್ಕಂಡು ರುಬ್ಕತಾರೆ. ಇಬ್ರೂ ಸೇರ್ಕಂಡು ರುಬ್ಕಳಿ, ನಾನಿರಗಂಟ ಬಾಗ್ಲು ಆಕ್ಬ್ಯಾಡಿ" ಅಂದರು. ಹಬ್ಬ ಬಂದರೆ, ನೆಂಟರು ಬಂದರೆ, ನಾನು ಗುಂಡನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಮ್ಮ ಹಿತ್ತಲಿಗೆ ಬರುತ್ತಿದ್ದೆ. ನನ್ನ ಓರಗಿತ್ತಿ, ನಿಮ್ಮ ಮನೆಯ ಅಕ್ಕನೂ ನಾನೂ ಎದುರು ಬದುರು ಕೂತು ರುಬ್ಬುತ್ತಿದ್ದೆವು. ಜಗಳವಾಡಿಕೊಂಡಾಗಲೂ ಮುಖ ತಿರುಗಿಸಿಕೊಂಡೇ ರುಬ್ಬಿದ್ದುಂಟು, ದೋಸೆ ಹಿಟ್ಟು ಆಗುವಷ್ಟರಲ್ಲಿ ಮಾತು ಬಂದುಬಿಡುತ್ತಿತ್ತು. ಒಂದು ಸಲ ಹೊಸ್ತಿಲ ಮೇಲೆ ಕೈಜಾರಿ ಬೀಳಿಸಿದೆ, ಗುಂಡಿನ ಒಂದು ಬದಿಯಲ್ಲಿ ಚಕ್ಕೆ ಎದ್ದಿತು. ಆಮೇಲೆ ಮಿಕ್ಸಿ ಬಂತು, ಅತ್ತೆ ಹೋದರು. ಒರಳಿನಲ್ಲಿ ನಿಮ್ಮ ಕೋಳಿಗಳು ನೀರು ಕುಡಿದವು, ಗುಂಡು ನಮ್ಮ ಹಿತ್ತಲಲ್ಲಿ ಹುಲ್ಲಿನಲ್ಲಿ ಮುಳುಗಿತು.

ಮಟಮಟ ಮಧ್ಯಾಹ್ನ ಊರೆಲ್ಲ ಉಂಡು ಒರಗಿದ್ದಾಗ ಹೋದೆವಲ್ಲ ಭಾವ, ನೀವು, ನಾನು, ನೀರುಗಂಟಿ ಶಿವನಂಜಯ್ಯ. ಅವನ ಎಕ್ಸೆಲ್ ಗಾಡಿಯ ಮೇಲೆ ಗೋಣಿಚೀಲದಲ್ಲಿ ಅತ್ತೆಯ ಗುಂಡುಕಲ್ಲು. ನೀವು ಗುಣಿ ತೋಡಿ, ಹಿಡಿಯುವ ಕಡೆ ಕೆಳಗೆ ಮಾಡಿ ನೆಟ್ಟಿರಿ. ನುಣ್ಣನೆಯ ದಪ್ಪ ತಲೆ ಮೇಲೆ ಬಂತು. ಅರಿಸಿನ ಬಳಿದೆ, ಕುಂಕುಮ ಇಟ್ಟೆ, ನನ್ನ ಹಳೇ ಕೆಂಪು ರವಿಕೆ ಬಟ್ಟೆ ಸುತ್ತಿದೆ. "ಎಸ್ರಿಡವ್ವ ಅಧ್ಯಕ್ಷ್ರೇ" ಅಂದಿರಿ. ಬಾಯಿಗೆ ಬಂದದ್ದು ತೋಪಮ್ಮ. ಶಿವನಂಜಯ್ಯ ತಲೆ ಕೆರೆದುಕೊಂಡು, "ಸಾ, ಈಗ ಕೈ ಮುಗೀಬೇಕಾ ಬ್ಯಾಡ್ವಾ?" ಅಂತ ಕೇಳಿದ. "ಮುಗುದ್ಬುಡ್ಲಾ, ಯಾತಕ್ಕೂ ಇರ್ಲಿ" ಅಂದಿರಿ. ಮೂವರೂ ನಕ್ಕಿದ್ದು ನೆನೆದರೆ ನನಗೆ ಈಗಲೂ ಪಕ್ಕೆ ನೋಯುತ್ತದೆ. ಮೇಲೆ ಬಾವಲಿಗಳು ರೆಕ್ಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದವು.

ಲಾರಿ ಬರುವುದು ನಿಂತಿತು. ನಿಜಕ್ಕೂ ನಿಂತಿತು. ಆಮೇಲೆ ಯಾರದೋ ಕಳೆದುಹೋಗಿದ್ದ ಎಮ್ಮೆ ತೋಪಿನಲ್ಲೇ ಮೇಯುತ್ತಾ ಸಿಕ್ಕಿತು, ಅವರು ಗಂಟೆ ಕಟ್ಟಿದರು. ಮದುವೆಯಾಗದ ಹುಡುಗಿಗೆ ಗಂಡು ಒಪ್ಪಿತು, ಅವರು ಬೆಳ್ಳಿ ಕಣ್ಣು ಹಾಕಿಸಿದರು. ಮಂಗಳವಾರ, ಶುಕ್ರವಾರ ಬಂಡಳ್ಳಿಯಿಂದ ಟೆಂಪೊ ಮಾಡಿಕೊಂಡು ಜನ ಬಂದರು, ಸತ್ತೇಗಾಲದ ನಮ್ಮ ನೆಂಟರೇ ನಮ್ಮ ಮನೆಗೆ ಬರದೆ ನೇರ ತೋಪಿಗೆ ಹೋದರು. ಕಲ್ಲಿನ ಬದಿಯ ಚಕ್ಕೆ, ತಾಯಿ ರಕ್ಕಸನ ಜೊತೆ ಕಾದಾಡಿದಾಗ ಆದ ಗಾಯವಂತೆ! ಆ ಗಾಯ ಮಾಡಿದ ರಕ್ಕಸಿ ನಾನು ಅಂತ ನೀವು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪೂಜೆಗೆ ಒಬ್ಬರು ಬೇಕು ಅಂತ ನೀವು ನಿಂತಿರಿ. ಜನ ಹೋದ ಮೇಲೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಿರಿ. ಮರ ಉಳಿಯಿತಲ್ಲ, ನಡೆಯಲಿ ಅಂತ ನಾನೂ ಸುಮ್ಮನಿದ್ದೆ.

ಆಮೇಲೆ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಬಂತು. ಮೈಸೂರಿಗೆ ಆಪರೇಷನ್‌ಗೆ ಕರೆದುಕೊಂಡು ಹೋದವಳು ನಾನು, ನಿಮ್ಮ ತಮ್ಮ ಜೊತೆಗಿದ್ದರು. ನೀವು ಬರಲಿಲ್ಲ. ನಿಮಗೆ ಆಸ್ಪತ್ರೆಯ ಬಾಗಿಲು ದಾಟಲು ಧೈರ್ಯ ಸಾಲದೆ ತೋಪಿಗೆ ಹೋಗಿ ಆ ಕಲ್ಲಿನ ಮುಂದೆ ಕೂತಿರಿ ಅಂತ ಆಮೇಲೆ ಗೊತ್ತಾಯಿತು. ಅನ್ನ ನೀರು ಮುಟ್ಟದೆ ಕೂತಿದ್ದಿರಂತೆ. ಅಕ್ಕ ಬದುಕಿ ಬಂದಳು. ಆ ಸಂತೋಷದಲ್ಲಿ ನಾನು ತೋಪಿಗೆ ಬಂದು, "ಭಾವ, ನಮ್ಮ ಗುಂಡು ಕೆಲಸ ಮಾಡ್ತು ನೋಡಿ" ಅಂದೆ, ನೀವು ನಗುತ್ತೀರಿ ಅಂದುಕೊಂಡು. ನೀವು ನಗಲಿಲ್ಲ. "ಅಂಗನ್ಬ್ಯಾಡ ಕಣವ್ವ" ಅಂದಿರಿ. "ಇನ್ಮೇಲೆ ಯಾವತ್ತೂ ಅಂಗನ್ಬ್ಯಾಡ." ನಿಮ್ಮ ಕಣ್ಣು ತುಂಬಿತ್ತು. ನಾನು ಕೈ ಮುಗಿದು ಮನೆಗೆ ಬಂದೆ. ಆವತ್ತಿನಿಂದ ಈವತ್ತಿನವರೆಗೂ ನಿಮ್ಮ ನಂಬಿಕೆಯ ವಿಚಾರವಾಗಿ ಒಂದು ಮಾತು ಆಡಿದ್ದರೆ ನನ್ನ ನಾಲಗೆ ಬಿದ್ದುಹೋಗಲಿ. ಪ್ರೀತಿಯವರ ಪ್ರಾಣಕ್ಕೆ ಬಂದಾಗ ಮನುಷ್ಯರು ಎಲ್ಲಿ ಬೇಕಾದರೂ ಕೈ ಮುಗಿಯುತ್ತಾರೆ. ನೀವು ನಿಮ್ಮ ತಾಯಿ ಹಿಡಿದ ಕಲ್ಲಿಗೇ ಮುಗಿದಿರಿ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ತಪ್ಪು ಕಾಣುವುದು ಮಹದೇವಪ್ರಸಾದನನ್ನು ನೀವು ಪಕ್ಕದಲ್ಲಿ ಕೂರಿಸಿಕೊಂಡದ್ದರಲ್ಲಿ. ಅವನು ಯಾರು ಅಂತ ನಿಮಗೆ ಗೊತ್ತಿಲ್ಲವಾ? ಗೂಡು ಯಾರದು? ಲಾರಿ ಯಾರದು? ಆಗ ಕತ್ತಲಲ್ಲಿ ಕೊಡಲಿ ತೆಗೆದುಕೊಂಡು ಬರುತ್ತಿದ್ದವನು ಈಗ ಹಾಡುಹಗಲಲ್ಲಿ ಹಣೆತುಂಬಾ ಕುಂಕುಮ ಇಟ್ಟುಕೊಂಡು ಬರುತ್ತಾನೆ. "ತಾಯಿ ಬಿಸ್ಲು ಮಳೇಲಿ ಕೂತಿರೋದ ನೋಡ್ದ್ರೆ ಕರುಳು ಚುರುಕ್ ಅಂತದೆ ಕಣ್ರಿ. ಇಟ್ಟಿಗೆ ನಂದು, ಸಿಮೆಂಟು ನಂದು, ಕೂಲಿ ನಂದು. ಅಡ್ಡ ಇರೋ ಮರಗಳ ಮಾತ್ರ ನಾವೇ ತಕಂಡೋಯ್ತೀವಿ" ಅಂದನಲ್ಲ, ನಿಮಗೆ ಅಲ್ಲೇ ಗೊತ್ತಾಗಬೇಕಿತ್ತು. ಅವನ ಕರುಳಿಗೆ ಚುರುಕ್ ಅನ್ನಿಸಿದ್ದು ಸೌದೆ. ಬಾವಲಿ ಹಿಕ್ಕೆ ತಾಯಿಯ ತಲೆಯ ಮೇಲೆ ಬೀಳುತ್ತದೆ, ಮೈಲಿಗೆ ಅಂತ ಹೇಳಿಕೊಟ್ಟವನೂ ಅವನೇ. ಬಾವಲಿಗಳಿಗಾಗಿ ತೋಪಮ್ಮನನ್ನು ಕೂರಿಸಿದೆವು ಭಾವ. ಈಗ ತೋಪಮ್ಮನಿಗಾಗಿ ಬಾವಲಿಗಳೇ ಹೋಗಬೇಕು ಅಂತೀರಲ್ಲ, ನಿಮ್ಮ ಬುದ್ಧಿಗೆ ಏನು ಬಂದಿದೆ?

ಮತ್ತೆ ಆ ಗುದ್ದಲಿ ಪೂಜೆಯ ದಿನ. ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದೆ ಇದ್ದರೆ ನನ್ನ ಎದೆ ಒಡೆಯುತ್ತದೆ. ಪಂಚಾಯ್ತಿ ಒಪ್ಪಿಗೆಗೂ ಕಾಯದೆ ಪೂಜೆ ಇಟ್ಟುಕೊಂಡಿರಿ. ಮಹದೇವಪ್ರಸಾದನ ಕಡೆಯವರು ಸರಪಟಾಕಿ ಹಚ್ಚಿದರು. ದೀಪಾವಳಿಗೂ ಪಟಾಕಿ ಕಾಣದ ತೋಪು ಅದು. ನಾನು ಆಫೀಸಿನಿಂದ ಓಡಿ ಬರುವಷ್ಟರಲ್ಲಿ ತೋಪಿನ ಮೇಲೆ ಬಿಸಿಲೇ ಇರಲಿಲ್ಲ, ಅಷ್ಟು ಬಾವಲಿ ಎದ್ದಿದ್ದವು. ಹಗಲಲ್ಲಿ ಅವಕ್ಕೆ ಎಲ್ಲಿ ಹೋಗಬೇಕು ಅಂತ ತಿಳಿಯುವುದಿಲ್ಲ. ಸುತ್ತುತ್ತವೆ, ಸುತ್ತುತ್ತವೆ. ಮರಿಗಳ ಕಾಲ. ತಾಯಂದಿರು ಎದೆಗೆ ಕಚ್ಚಿಸಿಕೊಂಡು ಹಾರುತ್ತಿದ್ದವು, ಕಾಗೆ ಹದ್ದು ಮೇಲೆ ಬಿದ್ದು ಕುಕ್ಕುತ್ತಿದ್ದವು. ಮರಿಗಳು ಒಂದೊಂದಾಗಿ ಉದುರಿದವು. ಬರಿಗೈಯಲ್ಲಿ ಮುಟ್ಟಬಾರದು ಅಂತ ತರಬೇತಿಯಲ್ಲಿ ಹೇಳಿದ್ದರು. ಗೋಣಿತಾಟು ಕೈಗೆ ಸುತ್ತಿಕೊಂಡು ಆರಿಸಿ ಮೊರಕ್ಕೆ ಹಾಕಿದೆ. ಶಿವನಂಜಯ್ಯ ಏಣಿ ತಂದು ಕೆಳಗಿನ ಕೊಂಬೆಗಳಿಗೆ ಒಂದೊಂದನ್ನೇ ತಗುಲಿಹಾಕಿದ. ಸಂಜೆ ಕೆಲವಕ್ಕೆ ತಾಯಿ ಬಂತು. ಉಳಿದವು ಕೂಗಿ ಕೂಗಿ ಸುಮ್ಮನಾದವು. ನಾನು ತೋಪಿನ ಮಣ್ಣಿನಲ್ಲಿ ಕೂತು ಗೋಳೋ ಅಂತ ಅತ್ತೆ. ಅಧ್ಯಕ್ಷೆ ಬಾವಲಿಗೆ ಅಳುತ್ತಾಳೆ ಅಂತ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದರಂತೆ. ಕಳಿಸಲಿ. ಯಾರಿಗೆ ಬೇಕಾದರೂ ಕಳಿಸಲಿ, ನನಗೆ ನಾಚಿಕೆಯಿಲ್ಲ.

ನೀವು ಆರತಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಿರಿ. ಕರ್ಪೂರ ಆರಿಹೋಗಿತ್ತು. ಒಂದು ಮರಿ ನಿಮ್ಮ ಪಾದದ ಹತ್ತಿರವೇ ಬಿತ್ತು, ಇನ್ನೂ ಬಾಯಿ ಆಡಿಸುತ್ತಿತ್ತು. ಹಿಂದಿನಿಂದ ಜನ ನೂಕುತ್ತಿದ್ದರು. ನೀವು ತಟ್ಟೆ ಹಿಡಿದುಕೊಂಡೇ ಕಾಲು ಎತ್ತಿ ಪಕ್ಕಕ್ಕೆ ಇಟ್ಟು, ಹಿಂದಿನವರನ್ನು ಬೆನ್ನಿನಿಂದ ತಡೆದು ನಿಂತಿರಿ, ನಾನು ಬಂದು ಎತ್ತಿಕೊಳ್ಳುವವರೆಗೂ. ನನ್ನ ಮುಖ ನೋಡಲಿಲ್ಲ, ಮಾತೂ ಆಡಲಿಲ್ಲ. ಆದರೆ ತುಳಿಯಲೂ ಬಿಡಲಿಲ್ಲ. ಅದೊಂದನ್ನೇ ನಂಬಿಕೊಂಡು ನಾನು ಈ ಕಾಗದ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನಿಮಗೆ ಕಾಗದ ಬರೆಯುತ್ತಿರಲಿಲ್ಲ, ನೇರ ತಹಸೀಲ್ದಾರರಿಗೆ ಬರೆಯುತ್ತಿದ್ದೆ.

"ದೇವ್ರ ಕೆಲ್ಸಕ್ಕೆ ಅಡ್ಡ ಬರ್ಬ್ಯಾಡ ಲಕ್ಷ್ಮವ್ವ" ಅಂದಿರಿ. ಬರುತ್ತೇನೆ. ಇದು ದೇವರ ಕೆಲಸವಲ್ಲ, ಗೂಡಿನ ಕೆಲಸ. ಅವಿಶ್ವಾಸ ತಂದು ಇಳಿಸುತ್ತೇವೆ ಅಂತ ಮೆಂಬರುಗಳು ಹೇಳಿ ಕಳಿಸಿದ್ದಾರೆ. ತರಲಿ. ಇಳಿಸುವವರೆಗೂ ಈ ಜೀವ ಕಮಿಟಿಯ ಅಧ್ಯಕ್ಷೆ ನಾನೇ, ನಾನಿರುವವರೆಗೂ ಆ ತೋಪಿನ ಒಂದು ಕೊಂಬೆಗೂ ನನ್ನ ಸಹಿ ಸಿಗುವುದಿಲ್ಲ. ಹೆಂಡತಿಗೆ ಬುದ್ಧಿ ಹೇಳು ಅಂತ ನಿಮ್ಮ ತಮ್ಮನನ್ನು ಅರಳಿಕಟ್ಟೆಯಲ್ಲಿ ಹಿಡಿದು ಹೇಳಿದರಂತೆ. "ಅವ್ಳು ನಮ್ಮಣ್ಣನ ಮಾತೇ ಕೇಳಾಕಿಲ್ಲ, ನನ್ನ ಮಾತ ಕೇಳಾಳಾ?" ಅಂದು ಎದ್ದು ಬಂದರಂತೆ. ಮದುವೆಯಾದ ಮೇಲೆ ನನ್ನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ.

ತಾಯಿಗೆ ಬಿಸಿಲು ಮಳೆ ಅಂತೀರಿ. ಬೆಟ್ಟದ ದೊಡ್ಡಸಂಪಿಗೆ ಮರಕ್ಕೆ ನೀವೇ ಕರೆದುಕೊಂಡು ಹೋಗಿದ್ದಿರಿ ನಮ್ಮನ್ನೆಲ್ಲ, ಜ್ಞಾಪಕವಿದೆಯಾ? ಅಲ್ಲಿ ಕಾಡಿನ ಸೋಲಿಗರು ಅಷ್ಟು ಕಾಲದಿಂದ ಪೂಜೆ ಮಾಡುತ್ತಾರೆ. ಮರದ ಬುಡದಲ್ಲಿ ಕಲ್ಲು, ಮೇಲೆ ಕೊಂಬೆ. ಯಾರಾದರೂ ಮೋಲ್ಡ್ ಹಾಕಿದ್ದಾರಾ? ಟೈಲ್ಸ್ ಹಾಕಿದ್ದಾರಾ? ಅಲ್ಲಿ ನೀವು ಚಪ್ಪಲಿ ದೂರ ಬಿಟ್ಟು, ಸುಮ್ಮನೆ ಕಣ್ಣುಮುಚ್ಚಿ ನಿಂತಿದ್ದಿರಿ. ಆ ದೇವರಿಗೆ ಮರವೇ ಸಾಕಾಗಿತ್ತು. ನಿಮ್ಮ ತಾಯಿಗೆ ಯಾಕೆ ಸಾಲದು? ರಾಮಮ್ಮ ಅತ್ತೆ ಬದುಕಿದ್ದಾಗ ಒಂದು ದಿನ ಫ್ಯಾನ್ ಕೆಳಗೆ ಮಲಗಿದವರಾ? ಉಂಡು ಸೆರಗು ಹಾಸಿಕೊಂಡು ಅದೇ ಹುಣಸೆಮರದ ನೆರಳಿನಲ್ಲಿ ಒರಗುತ್ತಿದ್ದರು. ಹಿಕ್ಕೆ ಬಿದ್ದರೆ ಒರೆಸಿಕೊಂಡು, "ನಿಮ್ಮ ಮನೆ ಆಳಾಗ" ಅಂತ ಮೇಲೆ ನೋಡಿ ನಗುತ್ತಿದ್ದರು. ಆ ಹೆಂಗಸಿಗೆ ಬಾವಲಿ ಮೈಲಿಗೆಯಾ?

ಆದ್ದರಿಂದ ನಾನು ಏನು ಮಾಡುತ್ತೇನೆ ಅಂತ ಮುಚ್ಚುಮರೆ ಇಲ್ಲದೆ ತಿಳಿಸುತ್ತೇನೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಇದು ನಮ್ಮತ್ತೆಯ ಗುಂಡುಕಲ್ಲು, ನಾವೇ ನೆಟ್ಟಿದ್ದು ಅಂತ ನಾನು ಹೇಳುವುದಿಲ್ಲ. ಶಿವನಂಜಯ್ಯನಿಗೂ ಬಾಯಿ ಬಿಡಬೇಡ ಅಂದಿದ್ದೇನೆ. ಅಕ್ಕನ ಜೀವಕ್ಕಾಗಿ ನೀವು ಕೂತು ಅತ್ತ ಜಾಗವನ್ನು ನಾಲ್ಕು ಜನರ ನಗೆಗೆ ಕೊಡುವಷ್ಟು ಕೆಟ್ಟವಳಲ್ಲ ನಾನು. ನೀವು ಕೈ ಎತ್ತದಿದ್ದರೆ ತೋಪಮ್ಮ ಅಲ್ಲೇ ಮರದ ಕೆಳಗೆ ಇರುತ್ತಾಳೆ. ಪೂಜೆ ನೀವೇ ಮಾಡಿ. ಹಗಲಲ್ಲಿ ಮಾಡಿ, ಮೈಕು ಪಟಾಕಿ ಇಲ್ಲದೆ ಮಾಡಿ. ಮಂಗಳವಾರ ಶುಕ್ರವಾರ ನಾನೇ ಹೂ ಕಟ್ಟಿ ಕಳಿಸುತ್ತೇನೆ.

ನೀವು ಕೈ ಎತ್ತಿದರೆ, ಸಭೆ ಮುಗಿಯುತ್ತಿದ್ದ ಹಾಗೆ ನಾನು ತೋಪಿಗೆ ಹೋಗುತ್ತೇನೆ. ಎಲ್ಲರ ಎದುರಿಗೇ ಹೋಗುತ್ತೇನೆ. ಕಲ್ಲಿನ ಸುತ್ತ ಮಣ್ಣು ಬಿಡಿಸಿ, ಹಿಂದೆ ಎತ್ತಿಕೊಳ್ಳುತ್ತಿದ್ದ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು ಮನೆಗೆ ಬರುತ್ತೇನೆ. ತಡೆಯುವವರು ತಡೆಯಲಿ. ಯಾರಾದರೂ ಕೇಳಿದರೆ ನನ್ನ ಪಾಲಿನದು ಅನ್ನುತ್ತೇನೆ, ಅಷ್ಟೇ. ಅದು ಸುಳ್ಳಲ್ಲ ಅಂತ ಆ ಸಭೆಯಲ್ಲಿ ಬಾಯಿ ಬಿಟ್ಟು ಹೇಳಬಲ್ಲವರು ನೀವು ಒಬ್ಬರೇ, ಸುಳ್ಳು ಅನ್ನಬೇಕಾದರೆ ನೀವೇ ಅನ್ನಬೇಕು. ಮರ ಇಲ್ಲದ ಕಡೆ ರಾಮಮ್ಮ ಅತ್ತೆಯನ್ನು ನಾನು ಬಿಟ್ಟು ಬರುವುದಿಲ್ಲ. ಆಮೇಲೆ ಮಹದೇವಪ್ರಸಾದ ಎಷ್ಟು ದೊಡ್ಡ ದೇವಸ್ಥಾನ ಬೇಕಾದರೂ ಕಟ್ಟಲಿ. ಒಳಗೆ ಕೂರಲು ಯಾರೂ ಇರುವುದಿಲ್ಲ.

ಈ ಕಾಗದ ಅಕ್ಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳಿಗೆ ಮೊದಲೇ ಓದಿ ಹೇಳಿದೆ. ಗುಂಡಿನ ವಿಚಾರ ಅವಳಿಗೆ ಮೊದಲಿಂದಲೂ ಗೊತ್ತಂತೆ! ಎಷ್ಟು ವರ್ಷ ಅದನ್ನು ಹಿಡಿದು ತಿರುಗಿಸಿದ್ದೀನಿ, ಅರಿಸಿನ ಬಳಿದರೆ ಗುರುತು ಸಿಗೋಲ್ವಾ ಅಂದಳು. ಮತ್ತೆ ಕೈ ಮುಗಿಯುತ್ತಿದ್ದೆಯಲ್ಲ ಅಂದರೆ, "ನಮ್ಮತ್ತೆಗೆ ಮುಗೀತಿದ್ದೆ ಕಣೆ" ಅಂದಳು. ಆಮೇಲೆ "ನನ್ನ ಉಳ್ಸಿದ್ದು ಡಾಕ್ಟ್ರೋ ತೋಪಮ್ಮನೋ ನಂಗೊತ್ತಿಲ್ಲ. ಇಬ್ರೂ ಮರ ಕಡೀರಿ ಅಂತ ಏಳ್ನಿಲ್ಲ" ಅಂದು ಎದ್ದು ಹೋದಳು. ಏನು ಮಾಡುತ್ತಾಳೋ ಅಂತ ಗೋಡೆಯ ಮೇಲಿಂದ ಇಣುಕಿದೆ. ಕೋಳಿಗಳನ್ನು ಓಡಿಸಿ, ತೆಂಗಿನ ನಾರು ತೆಗೆದುಕೊಂಡು ಒರಳು ಉಜ್ಜಿ ತೊಳೆಯುತ್ತಿದ್ದಳು. ನೀವು ಇದನ್ನು ಓದಿ ಮುಗಿಸಿ ಹಿತ್ತಲಿಗೆ ಹೋದರೆ ಕಾಣುತ್ತದೆ, ನಿಮ್ಮ ಪಾಲಿನ ಒರಳು ಬೆಳ್ಳಗೆ ಆಗಿ ಬಿಸಿಲಿನಲ್ಲಿ ಒಣಗುತ್ತಿದೆ.

ಭಾನುವಾರ ಸಂಜೆ ನಾನು ಅಕ್ಕಿ ಉದ್ದು ನೆನೆ ಹಾಕುತ್ತೇನೆ. ಸೋಮವಾರ ಸಭೆ ಮುಗಿಯುವ ಹೊತ್ತಿಗೆ ಚೆನ್ನಾಗಿ ನೆಂದಿರುತ್ತದೆ. ನೀವು ಕೈ ಎತ್ತದಿದ್ದರೆ ಮಿಕ್ಸಿಗೆ ಹಾಕಿಕೊಳ್ಳುತ್ತೇವೆ. ಎತ್ತಿದರೆ ಅಕ್ಕನೂ ನಾನೂ ಎದುರು ಬದುರು ಕೂತು ರುಬ್ಬುತ್ತೇವೆ, ನೀವು ನೋಡುತ್ತಾ ಕೂತಿರಿ.

ನಿಮ್ಮ ತಾಯಿ ನಿಮ್ಮನ್ನೂ, ಆ ಮರಗಳನ್ನೂ, ಅದರ ಮೇಲೆ ನೇತಾಡುವ ಮಕ್ಕಳು ಮರಿಗಳನ್ನೂ ತಣ್ಣಗೆ ಇಟ್ಟಿರಲಿ. ಸೋಮವಾರ ಸಭೆಗೆ ಬನ್ನಿ, ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿರುತ್ತೇನೆ.

ಇಂತಿ,
ನೀವು ಕೂರಿಸಿದ ಕುರ್ಚಿಯಲ್ಲಿ ಇನ್ನೂ ಕೂತೇ ಇರುವ
ಲಕ್ಷ್ಮಿದೇವಿ